ಗಣಪತಿಯ ಕರೆಂಟಿನಲ್ಲಿ ಗೌರಿ ಬಾಗಿನ

ನಮ್ಮ ಜನಕ್ಕೆ ಒಂದು ಬಾಗಿಲು, ಅದರ ಮುಂದೆ ಒಂದು ಮೆಟ್ಟಿಲು ತೋರಿಸಿದರೆ ಸಾಕು, ಚಪ್ಪಲಿ ಬಿಟ್ಟುಬಿಡುತ್ತಾರೆ. ಅದು ಹಲ್ಲಿನ ಡಾಕ್ಟರರ ಬಾಗಿಲೋ, ಮೊಬೈಲ್ ರಿಪೇರಿಯವನ ಬಾಗಿಲೋ ವಿಚಾರಿಸುವುದಿಲ್ಲ. ಹೀಗಿರುವಾಗ ನಾಲ್ಕು ಚಕ್ರದ ಮೇಲೆ ಒಂದು ಮನೆ, ಒಳಗೆ ಹಾಸಿಗೆ, ಒಲೆ, ಬಚ್ಚಲು ಎಲ್ಲ ಇರುವಂಥದ್ದು, ಗೌರಿ ಹಬ್ಬದ ದಿನ ದಹಿಸರಿನ ಒಂದು ಹಳೆಯ ಬಿಲ್ಡಿಂಗಿನ ಕಾಂಪೌಂಡಿನೊಳಗೆ ಬಂದು ನಿಂತರೆ ಯಾರು ತಾನೇ ಚಪ್ಪಲಿ ಮೆಟ್ಟಿಕೊಂಡು ಹತ್ತುತ್ತಾರೆ? ನಾವೂ ಹತ್ತಲಿಲ್ಲ. ಒದ್ದೆ ನೆಲದ ಮೇಲೆ ಸಾಲಾಗಿ ಬಿಟ್ಟಿದ್ದ ಆ ಚಪ್ಪಲಿಗಳನ್ನು ನೆನೆಸಿಕೊಂಡರೆ ಈಗಲೂ ನನ್ನ ಅಂಗಾಲು ಜುಮ್ಮೆನ್ನುತ್ತದೆ.

ಮೊದಲಿಂದ ಹೇಳುತ್ತೇನೆ. ನಾವಿರುವುದು ಪವಾಯಿಯಲ್ಲಿ, ಲಿಫ್ಟಿರುವ ಬಿಲ್ಡಿಂಗಿನಲ್ಲಿ. ನಾನು, ನನ್ನ ಗಂಡ, ಮಗಳು ಮತ್ತು ನನ್ನ ಅತ್ತೆ. ಅತ್ತೆಯ ಅಕ್ಕ, ಅಂದರೆ ನನ್ನ ಗಂಡನ ದೊಡ್ಡಮ್ಮ, ದಹಿಸರಿನಲ್ಲಿದ್ದಾರೆ, ಮೂರನೇ ಮಹಡಿಯಲ್ಲಿ. ಅಲ್ಲಿ ಲಿಫ್ಟಿಲ್ಲ. ಆ ಬಿಲ್ಡಿಂಗನ್ನು ಒಡೆದು ಹೊಸದು ಕಟ್ಟುವ ಬಗ್ಗೆ ನಾನು ಮದುವೆಯಾಗಿ ಬಂದಾಗಿನಿಂದ ಮೀಟಿಂಗುಗಳು ನಡೆಯುತ್ತಲೇ ಇವೆ. ಮೈಸೂರು ಕಡೆಯ ಈ ಅಕ್ಕತಂಗಿಯರು ಮದುವೆಯಾಗಿ ಒಂದೇ ಊರು ಸೇರಿದವರು. ತಂದೆತಾಯಿ, ಅಣ್ಣಂದಿರು ಒಬ್ಬೊಬ್ಬರಾಗಿ ಹೋದ ಮೇಲೆ ಅತ್ತೆಯ ಪಾಲಿಗೆ ತವರು ಅಂತ ಉಳಿದದ್ದು ಆ ಮೂರನೇ ಮಹಡಿಯೇ.

ಪ್ರತಿ ಗೌರಿ ಹಬ್ಬಕ್ಕೂ ಅತ್ತೆ ಬಸ್ಸು, ಲೋಕಲ್ಲು ಹಿಡಿದು ದಹಿಸರಿಗೆ ಹೋಗಿ, ಅಕ್ಕನ ಕೈಯಿಂದ ಮೊರದ ಬಾಗಿನ ತೆಗೆದುಕೊಂಡು, ಒಂದು ರಾತ್ರಿ ಅಲ್ಲೇ ಮಲಗಿ, ಮಾರನೆಯ ದಿನ ಗಣಪತಿ ಕೂರಿಸುವ ಹೊತ್ತಿಗೆ ಮನೆಗೆ ಬರುತ್ತಿದ್ದರು. ನನ್ನ ಮಾವ ತೀರಿಕೊಂಡ ವರ್ಷ, ಇನ್ನು ಬಾಗಿನ ತೆಗೆದುಕೊಳ್ಳಬಹುದೋ ಬಾರದೋ ಅಂತ ಯಾರೋ ರಾಗ ಎಳೆದರು. ದೊಡ್ಡಮ್ಮನೂ ಗಂಡನನ್ನು ಕಳೆದುಕೊಂಡವರೇ. ಹುಟ್ಟಿದ ಮನೆಯ ಬಾಗಿನಕ್ಕೂ ಗಂಡನಿಗೂ ಏನು ಸಂಬಂಧ, ಅದು ಅವನು ಬರುವುದಕ್ಕೆ ಮುಂಚಿನ ಲೆಕ್ಕ ಅಂತ ಒಂದೇ ಮಾತಿನಲ್ಲಿ ಅವರು ತೀರ್ಪು ಕೊಟ್ಟಿದ್ದರು. ಆಮೇಲೆ ಯಾರೂ ಉಸಿರೆತ್ತಲಿಲ್ಲ.

ಉಸಿರು ಎತ್ತಲಾರದೆ ಹೋದವರು ಅತ್ತೆಯೇ. ಶ್ವಾಸಕೋಶ ಕೈಕೊಟ್ಟಿತು. ಹಗಲು ಹೇಗೋ ನಡೆಯುತ್ತದೆ. ರಾತ್ರಿ ಮಾತ್ರ ಆಕ್ಸಿಜನ್ ಕೊಡುವ ಯಂತ್ರ ಪಕ್ಕದಲ್ಲಿ ಗುರ್ರೆನ್ನುತ್ತಲೇ ಇರಬೇಕು. ಐದು ಮೆಟ್ಟಿಲು ಹತ್ತಿದರೆ ಆರನೆಯದರಲ್ಲಿ ಕೂತುಬಿಡುತ್ತಾರೆ. ಅವರಿಗಿಂತ ನಾಲ್ಕು ವರ್ಷ ದೊಡ್ಡವರಾದ ದೊಡ್ಡಮ್ಮ ದಿನಕ್ಕೆ ಎರಡು ಸಲ ಕೊತ್ತಂಬರಿ ಸೊಪ್ಪಿಗೋಸ್ಕರ ಮೂರು ಮಹಡಿ ಇಳಿದು ಹತ್ತುತ್ತಾರೆ. ದೇವರ ಹಂಚಿಕೆಯೇ ಹಾಗೆ.

ಅಂದಮೇಲೆ ದೊಡ್ಡಮ್ಮನೇ ಪವಾಯಿಗೆ ಬಂದು ಬಾಗಿನ ಕೊಟ್ಟು ಹೋಗಬಹುದಿತ್ತಲ್ಲ? ನಾವೂ ಅದನ್ನೇ ಕೇಳಿದ್ದು. ಬರುವುದಿಲ್ಲ ಅಂದರು. ಬಾಗಿನವನ್ನು ತವರಿನ ಹೊಸಿಲಲ್ಲಿ ನಿಂತು ಕೊಡಬೇಕು, ಟ್ಯಾಕ್ಸಿ ಮಾಡಿಕೊಂಡು ಬರುವ ತವರು ಎಲ್ಲಾದರೂ ಉಂಟೇ ಅನ್ನುವುದು ಅವರ ವಾದ. ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ಮೇಲೆ ಎತ್ತಿಕೊಂಡು ಹೋಗೋಣ ಅಂದರೆ, ಹೊರುವ ಕೆಲಸ ನಾನು ಹೋದ ಮೇಲೆ ಇಟ್ಟುಕೊಳ್ಳಿ ಅಂತ ಅತ್ತೆ ಬಾಯಿ ಮುಚ್ಚಿಸಿದರು. ಹೀಗಾಗಿ ಮೂರು ವರ್ಷ ಬಾಗಿನ ಬೈಕಿನಲ್ಲಿ ಬಂತು. ಹೆಲ್ಮೆಟ್ ಹಾಕಿಕೊಂಡ ಒಬ್ಬ ಬಾಗಿಲಲ್ಲಿ ನಿಂತು ಓಟಿಪಿ ಕೇಳುತ್ತಿದ್ದ. ಮೊದಲ ವರ್ಷ ಅತ್ತೆ ಮೊರ ಬಿಚ್ಚಿ, ಬಳೆ ಬಿಚ್ಚೋಲೆ ಎಲ್ಲ ದೇವರ ಮುಂದಿಟ್ಟು, ಇದು ಬಾಗಿನ ಅಲ್ಲ ಕಣೇ, ಪಾರ್ಸಲ್ಲು ಅಂತ ನನಗೆ ಹೇಳಿದ್ದರು. ನಗುತ್ತಲೇ ಹೇಳಿದರು, ಆದರೆ ಆ ದಿನ ಅವರು ಸರಿಯಾಗಿ ಊಟ ಮಾಡಲಿಲ್ಲ.

ಉಪಾಯ ಹೊಳೆದದ್ದು ಮಗಳಿಗೆ. ಅವಳ ಕನ್ನಡ ಅರ್ಧ ದಾರಿಯಲ್ಲಿ ಹಿಂದಿಯ ಲೋಕಲ್ಲಿಗೆ ಹಾರಿಬಿಡುತ್ತದೆ. "ಅಜ್ಜಿಗೆ ಮೇಲೆ ಹೋಗೋಕಾಗಲ್ಲ ನಾ," ಅಂದಳು, "ತೋ ಘರ್ ಕೋ ಹೀ ನೀಚೇ ಲೇ ಆವೋ." ಮನೆಯನ್ನೇ ಕೆಳಗೆ ತರೋಣ ಅಂದರೆ ಏನೇ ಅಂತ ನಾನು ಬೈಯುವಷ್ಟರಲ್ಲಿ ಫೋನಿನಲ್ಲಿ ಒಂದು ಮೋಟರ್‌ಹೋಮ್ ತೋರಿಸಿದಳು. ಠಾಣೆ ಕಡೆಯವರು ಬಾಡಿಗೆಗೆ ಕೊಡುತ್ತಾರಂತೆ. ಜನ ಅದರಲ್ಲಿ ಲಡಾಖಿಗೆ ಹೋಗುತ್ತಾರೆ. ನಾವು ಪವಾಯಿಯಿಂದ ದಹಿಸರಿಗೆ ಹೊರಟೆವು. ಟ್ರಾಫಿಕ್ ಇಲ್ಲದಿದ್ದರೆ ಮುಕ್ಕಾಲು ಗಂಟೆಯ ದಾರಿ. ಮೂಗಿಗಿಂತ ಮೂಗುತಿ ಭಾರ ಅಂತ ನಾನು ಅಂದದ್ದು ನಿಜ. ಆದರೆ ವಿಷಯ ಕೇಳಿದ ಅತ್ತೆಯ ಮುಖ ನೋಡಿದ ಮೇಲೆ ಸುಮ್ಮನಾದೆ. ದೊಡ್ಡಮ್ಮನೂ ಒಪ್ಪಿದರು. ತಮ್ಮ ಬಿಲ್ಡಿಂಗಿನ ಕಾಂಪೌಂಡು ತಮ್ಮದೇ, ಅಲ್ಲಿವರೆಗೆ ತವರು ಇಳಿದು ಬರಬಹುದು ಅಂದರು.

ಡಾಕ್ಟರರದ್ದು ಒಂದೇ ಷರತ್ತು: ರಾತ್ರಿಯಿಡೀ ಯಂತ್ರ ನಿಲ್ಲಬಾರದು. ದಾರಿಗೆ, ಅವಸರಕ್ಕೆ ಅಂತ ಪುಟ್ಟ ಸಿಲಿಂಡರ್ ಇತ್ತು, ಅದು ರಾತ್ರಿಗೆ ಸಾಲದು. ಗಾಡಿಯ ಬ್ಯಾಟರಿಯಲ್ಲಿ ದೀಪ, ಫ್ಯಾನು ನಡೆಯುತ್ತವೆ. ಯಂತ್ರ ಎರಡು ಮೂರು ತಾಸು ನಡೆದರೆ ಹೆಚ್ಚು. ಅಂದರೆ ಯಾರದಾದರೂ ಮನೆಯಿಂದ ಕರೆಂಟು ಎಳೆಯಲೇಬೇಕು. ಕರೆಂಟು ಸಿಕ್ಕರೆ ಅತ್ತೆಗೆ ತವರಿನ ಒಂದು ರಾತ್ರಿ, ಇಲ್ಲದಿದ್ದರೆ ಬಂದ ದಾರಿಗೆ ಸುಂಕವಿಲ್ಲ.

ನನ್ನ ಗಂಡ ವಿಕ್ರೋಳಿಯ ಒಂದು ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿ ನಿವೃತ್ತರಾದವರು. ಕಬ್ಬಿಣ ಬಾಗಿಸುವ ಎಂಜಿನಿಯರ್, ಕರೆಂಟಿನವರಲ್ಲ. ಆದರೂ ಈ ಜವಾಬ್ದಾರಿ ತಲೆಗೆ ಬಿದ್ದದ್ದೇ ತಡ, ಒಂದು ವಾರ ಊಟದ ಹೊತ್ತಿನಲ್ಲೂ ಅವರ ಫೋನಿನೊಳಗೆ ಗಡ್ಡದ ಬಿಳಿಯನೊಬ್ಬ ಪ್ಲಗ್ ಹಿಡಿದು ಉಪದೇಶ ಮಾಡುತ್ತಿದ್ದ. ಸಾರಿಗೂ ಹುಳಿಗೂ ನಡುವೆ ನನಗೂ ಪಾಠ. ವೈರಿನ ಸುರುಳಿಯನ್ನು ಪೂರ್ತಿ ಬಿಚ್ಚಬೇಕು, ಸುತ್ತಿಕೊಂಡೇ ಇದ್ದರೆ ಒಳಗೊಳಗೇ ಕಾಯುತ್ತದೆ. ಗಾಡಿಯೊಳಗಿನ ಸ್ವಿಚ್ಚೆಲ್ಲ ಆರಿಸಿ, ಮೊದಲು ಗಾಡಿಯ ಕಡೆ ಸಿಕ್ಕಿಸಿ, ಕೊನೆಗೆ ಗೋಡೆಯ ಕಡೆ. ಕೀಳುವಾಗ ಉಲ್ಟಾ. ಎಲ್ಲಕ್ಕಿಂತ ಮುಖ್ಯ ಮೂರನೆಯ ತಂತಿ, ಅದೇ ಅರ್ಥಿಂಗ್. ನಾನು ಶಾಲೆಯಲ್ಲಿ ಜೀವಶಾಸ್ತ್ರ ಹೇಳಿಕೊಡುವವಳು, ಕಪ್ಪೆಯ ಕಾಲಿನಾಚೆ ನನಗೆ ಕರೆಂಟಿನ ಪರಿಚಯವಿಲ್ಲ. ಹೂಂ ಹೂಂ ಅಂದುಕೊಂಡು ಉಂಡೆ. ಆ ವಾರ ಅವರು ಒಂದು ಹಳೆಯ ಹೋಲ್ಡರಿಗೆ ಬಲ್ಬು ಸಿಕ್ಕಿಸಿ, ಎರಡು ವೈರು ಕಟ್ಟಿ, ಪ್ಲಗ್ ಪಾಯಿಂಟಿನಲ್ಲಿ ಅರ್ಥಿಂಗ್ ಇದೆಯೋ ಇಲ್ಲವೋ ನೋಡಲು ಟೆಸ್ಟ್ ಲ್ಯಾಂಪ್ ಅಂತ ಒಂದನ್ನು ತಯಾರಿಸಿ, ಬ್ಯಾಗಿನಲ್ಲಿ ಜೋಪಾನವಾಗಿ ಇಟ್ಟುಕೊಂಡರು.

ಗೌರಿ ಹಬ್ಬದ ಮಧ್ಯಾಹ್ನ ಹೊರಟೆವು. ಜಿಟಿಜಿಟಿ ಮಳೆ. ಅತ್ತೆ ಹಾಸಿಗೆಯಲ್ಲಿ ಮಲಗಲೊಲ್ಲದೆ ಡ್ರೈವರಿನ ಪಕ್ಕದ ಸೀಟೇ ಬೇಕೆಂದು ಹಟ ಹಿಡಿದು, ರೇಷ್ಮೆ ಸೀರೆಯುಟ್ಟು ಹೈವೇ ಪೂರ್ತಿ ಮೆಟ್ರೋ ಕಂಬಗಳನ್ನು ನೋಡುತ್ತ ಬಂದರು. ದಹಿಸರಿನ ಗೇಟಿನಲ್ಲಿ ಗಾಡಿ ಒಳಗೆ ತಿರುಗಿಸಲು ಅರ್ಧ ಬಿಲ್ಡಿಂಗೇ ಇಳಿದು ಬಂದು ಮಾರ್ಗದರ್ಶನ ಮಾಡಿತು. ಡ್ರೈವರ್ ಕೀಲಿ, ವೈರಿನ ಸುರುಳಿ ಕೊಟ್ಟು, ಸುಮ್ಮನೆ ಸಿಕ್ಕಿಸಿ ಸಾರ್ ಅಂತ ಹೇಳಿ ಮೀರಾ ರೋಡಿನ ತನ್ನ ನೆಂಟರ ಮನೆಗೆ ಹೋದ. ಕಾಂಪೌಂಡಿನ ಒಂದು ಮೂಲೆಯಲ್ಲಿ ಮಾರನೆಯ ದಿನದ ಗಣಪತಿಗೆ ಮಂಟಪ ಎದ್ದಿತ್ತು. ಸೀರಿಯಲ್ ಲೈಟುಗಳನ್ನು ಹಗಲಲ್ಲೇ ಹೊತ್ತಿಸಿ ಪರೀಕ್ಷೆ ಮಾಡುತ್ತಿದ್ದರು.

ಕರೆಂಟು ಕೊಡಲು ಒಪ್ಪಿದ್ದವರು ನೆಲ ಅಂತಸ್ತಿನ ಒಬ್ಬ ಹೆಂಗಸು. ವಿಜಯಪುರದ ಕಡೆಯವರು, ಮನೆಯಲ್ಲೇ ಗಿರಣಿಯಿಟ್ಟು ಜೋಳ ಬೀಸಿ ರೊಟ್ಟಿ ಮಾಡಿ ಮಾರುತ್ತಾರೆ. ಬಿಲ್ಡಿಂಗಿಗೆಲ್ಲ ಅವರು ರೊಟ್ಟಿ ಮಾವಶಿ, ಅಂದರೆ ರೊಟ್ಟಿ ಚಿಕ್ಕಮ್ಮ. ಗಿರಣಿಯ ದೊಡ್ಡ ಪ್ಲಗ್ ಪಾಯಿಂಟಿಗೆ ನನ್ನ ಗಂಡ ಶಿಸ್ತಾಗಿ ವೈರು ಕೊಟ್ಟರು. ಸುರುಳಿ ಪೂರ್ತಿ ಬಿಚ್ಚಿದರು. ಉದ್ದ ಸಾಲದೆ ಇನ್ನೊಂದು ವೈರು ಕೂಡಿಸಿದ ಗಂಟನ್ನು ಇಟ್ಟಿಗೆಯ ಮೇಲಿಟ್ಟು, ಮಳೆ ಬೀಳದಂತೆ ಪ್ಲಾಸ್ಟಿಕ್ ಬಕೆಟ್ ಬೋರಲು ಹಾಕಿದರು. ಗಾಡಿಯೊಳಗೆ ಫ್ರಿಜ್ಜು ಗುನುಗಿತು, ಏಸಿ ತಣ್ಣನೆ ಗಾಳಿ ಬಿಟ್ಟಿತು. ಬ್ಯಾಗಿನಲ್ಲಿದ್ದ ಟೆಸ್ಟ್ ಲ್ಯಾಂಪನ್ನು ಮಾತ್ರ ಅವರು ತೆಗೆಯಲಿಲ್ಲ. ದಿನಾ ಗಿರಣಿ ತಿರುಗುವ ಪಾಯಿಂಟಿಗೆ ಎಂಥ ಪರೀಕ್ಷೆ ಅಂದುಕೊಂಡಿದ್ದರಂತೆ.

ಹೊಸ ಮನೆ ನೋಡಲು ಹೆಂಗಸರು ಬಂದರು. ಬಂದವರೆಲ್ಲ ಚಪ್ಪಲಿ ಬಿಟ್ಟರು. ಅತ್ತೆ ವಾಚ್‌ಮನ್ನಿನ ಶೆಡ್ಡಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಅಕ್ಕ ಬಂದು ಕರೆದ ಮೇಲೆಯೇ ಬಲಗಾಲಿಟ್ಟು ಒಳಗೆ ಹೋಗುವುದೆಂದು ಅವರ ಲೆಕ್ಕ. ಅವರದೂ ಬರಿಗಾಲು. ನಾನು ಸುಮ್ಮನಿರಬೇಕಲ್ಲ, ಗಾಡಿಯ ಬಾಗಿಲಿನ ಮುಂದೆ ಒಂದು ಚೊಂಬು ನೀರು ಹಾಕಿ ಸಾರಿಸಿ, ಮಳೆ ಬಿಟ್ಟ ಗಳಿಗೆ ನೋಡಿ ಒಂದೆಳೆ ರಂಗೋಲಿ ಬಿಟ್ಟೆ. ಎದ್ದೇಳಲು ಆಸರೆಗೆಂದು ಬಾಗಿಲಿನ ಕಬ್ಬಿಣದ ಹಿಡಿ ಹಿಡಿದರೆ ಮೊಣಕೈವರೆಗೆ ಇರುವೆ ಹರಿದಂತಾಯಿತು. ಕೂತು ಕೈ ಜೋಮು ಹಿಡಿದಿರಬೇಕು ಅಂದುಕೊಂಡೆ. ಮತ್ತೆ ಹಿಡಿದೆ. ಮತ್ತೆ ಜುಮ್.

ಗಂಡನನ್ನು ಕರೆದು ಹೇಳಿದೆ. ಅವರು ಬಂದು ಹಿಡಿ ಹಿಡಿದರು, ಬಾಗಿಲು ಮುಟ್ಟಿದರು, ಗಾಡಿಯ ಬೆನ್ನು ತಟ್ಟಿದರು. ಏನೂ ಇಲ್ಲ ಅಂದರು. ನಾನು ಮುಟ್ಟಿದೆ, ಜುಮ್. ಅವರು ಮುಟ್ಟಿದರು, ಏನೂ ಇಲ್ಲ. ಬೆಳಿಗ್ಗೆ ಬಿಪಿ ಮಾತ್ರೆ ತೆಗೆದುಕೊಂಡೆಯಾ ಅಂತ ಕೇಳಿದರು. ನನಗೆ ಮೊದಲೇ ಕೋಪ ಮೂಗಿನ ತುದಿಯಲ್ಲಿ. ಮೂವತ್ತು ವರ್ಷದ ಸಂಸಾರದಲ್ಲಿ ನಾನು ನೋವು ಅಂದದ್ದೆಲ್ಲ ಇವರಿಗೆ ಬಿಪಿಯೇ ಆಗಿದೆ ಅಂತ ಶುರು ಮಾಡಬೇಕು, ಅಷ್ಟರಲ್ಲಿ ನನ್ನ ಕಣ್ಣು ಅವರ ಕಾಲಿಗೆ ಬಿತ್ತು. ದಪ್ಪ ಅಡಿಯ ರಬ್ಬರ್ ಶೂ. ನನ್ನದು ಒದ್ದೆ ನೆಲದ ಮೇಲೆ ಬರಿಗಾಲು. ಒಂದು ವಾರದಿಂದ ಕಿವಿಗೆ ಬಿದ್ದ ಪಾಠವೆಲ್ಲ ಆ ಗಳಿಗೆಯಲ್ಲಿ ತಲೆಗೆ ಇಳಿಯಿತು. ಅದೇ ಹೊತ್ತಿಗೆ ಮೆಟ್ಟಿಲಿನಿಂದ ದೊಡ್ಡಮ್ಮ ಇಳಿದು ಬರುತ್ತಿದ್ದರು, ಅತ್ತೆ ಕುರ್ಚಿಯಿಂದೆದ್ದು ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ಗಾಡಿಯ ಕಡೆ ಬರುತ್ತಿದ್ದರು, ಕೈ ಮುಂದೆ ಚಾಚಿತ್ತು.

ನಾನು ಅತ್ತೆಯ ಕೈ ಹಿಡಿದು ನಿಲ್ಲಿಸಿ, ರೊಟ್ಟಿ ಮಾವಶಿಯ ಕಿಟಕಿಗೆ ಸ್ವಿಚ್ ಆರಿಸಿ ಅಂತ ಕೂಗಿ ಹೇಳಿದೆ. ಗಾಡಿಯ ಏಸಿ ನಿಂತಿತು.

ಮಾವಶಿ ಹೊರಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು. "ಝುಮ್ ಅಂತೇನ್ರಿ ಅಕ್ಕಾರ? ಅದು ದಿನದ್ದೈತ್ರಿ," ಅಂದರು. "ನಾ ಚಪ್ಪಲ ಹಾಕ್ಕೊಂಡ ಗಿರಣಿ ಮುಟ್ಟತೀನ್ರಿ. ನಮ್ಮ ಬಿಲ್ಡಿಂಗ್‌ನ್ಯಾಗ ಎಲ್ಲಾರೂ ಹಂಗ."

ಹೌದಂತೆ. ಎರಡನೇ ಮಹಡಿಯವರ ಫ್ರಿಜ್ಜೂ ಹಾಗೇ, ಒಬ್ಬರ ಮನೆಯ ವಾಷಿಂಗ್ ಮೆಷಿನ್ನೂ ಹಾಗೇ. ಅದಕ್ಕೆಂದೇ ಎಲ್ಲರ ಅಡುಗೆಮನೆಯಲ್ಲೂ ಒಂದು ಜೊತೆ ಹವಾಯಿ ಚಪ್ಪಲಿ ಬೇರೆಯೇ ಇದೆ. ಅಷ್ಟೂ ಜನ ಜುಮ್ಮೆನ್ನುವುದನ್ನು ಸೊಳ್ಳೆಯ ಹಾಗೆ ಒಪ್ಪಿಕೊಂಡು ಬದುಕಿದ್ದರು. ನನ್ನ ಗಂಡ ಈಗ ಬ್ಯಾಗಿನಿಂದ ಟೆಸ್ಟ್ ಲ್ಯಾಂಪ್ ತೆಗೆದುಕೊಂಡು ಮಾವಶಿಯ ಅಡುಗೆಮನೆಗೆ ಹೋದರು. ಪಾಯಿಂಟಿನ ಕೆಳಗಿನ ಎರಡು ತೂತಿಗೆ ವೈರು ಕೊಟ್ಟರೆ ಬಲ್ಬು ಝಗ್ಗನೆ ಉರಿಯಿತು. ಒಂದು ವೈರನ್ನು ಮೇಲಿನ ದೊಡ್ಡ ತೂತಿಗೆ ಕೊಟ್ಟರೆ ಕಣ್ಣೇ ಬಿಡಲಿಲ್ಲ. ಮೂರನೇ ತೂತು ಬರೀ ಶೋಭೆಗೆ ಇತ್ತು.

ದೊಡ್ಡಮ್ಮನಿಗೆ ನೆನಪಾಯಿತು. ಕಾಂಪೌಂಡಿಗೆಲ್ಲ ಪೇವರ್ ಬ್ಲಾಕ್ ಹಾಕಿಸಿದ ವರ್ಷ ಮೀಟರ್ ರೂಮಿನ ಪಕ್ಕ ಅಗೆಯುವಾಗ ಉದ್ದದ ತಾಮ್ರದ ಪಟ್ಟಿ ಸಿಕ್ಕಿತ್ತಂತೆ. ಯಾರಿಗೂ ಬೇಡವಾದದ್ದು ಅಂತ ಗುಜರಿಯವನು ಎತ್ತಿಕೊಂಡು ಹೋದನಂತೆ. ಇಡೀ ಬಿಲ್ಡಿಂಗಿನ ಅರ್ಥಿಂಗ್ ಅವತ್ತೇ ಗುಜರಿ ಸೇರಿತ್ತು.

ನನ್ನ ಗಂಡ ನನಗೆ ವಿವರಿಸಿದರು, ನಾನು ಈ ಸಲ ಬೇರೆ ಕಡೆ ನೋಡದೆ ಕೇಳಿದೆ. ಯಾವ ಯಂತ್ರದಲ್ಲೂ ಚೂರುಪಾರು ಕರೆಂಟು ಸೋರುತ್ತದೆ. ಸೋರಿದ್ದು ಮೂರನೆಯ ತಂತಿಯಲ್ಲಿ ಇಳಿದು ಮಣ್ಣು ಸೇರಬೇಕು. ತಂತಿ ಇಲ್ಲ, ಗಾಡಿ ನಿಂತಿರುವುದು ರಬ್ಬರ್ ಟಯರಿನ ಮೇಲೆ. ಆದ್ದರಿಂದ ಅದು ಗಾಡಿಯ ಮೈಮೇಲೆಲ್ಲ ಹರಡಿಕೊಂಡು ಯಾರಾದರೂ ಬರಿಗಾಲಿನವರು ಬಂದು ಮುಟ್ಟಲಿ ಅಂತ ಕಾಯುತ್ತಿರುತ್ತದೆ. ಇವತ್ತು ಜುಮ್ ಅಂದದ್ದು, ಒಳಗೆ ಎಲ್ಲಾದರೂ ನೀರಿಳಿದರೆ ಜುಮ್ ಅಂತಷ್ಟೇ ಬಿಡುವುದಿಲ್ಲ. ಅಮ್ಮ ಮುಟ್ಟಿಬಿಟ್ಟಿದ್ದರೆ ಅಂತ ಎರಡು ಸಲ ಅಂದರು.

ಎಲ್ಲರೂ ಚಪ್ಪಲಿ ಹಾಕಿಕೊಂಡರಾಯಿತಲ್ಲ ಅಂತ ಮಾವಶಿ ಸಲಹೆ ಕೊಟ್ಟರು. ಒಳ್ಳೆಯ ಮನಸ್ಸಿನಿಂದಲೇ ಕೊಟ್ಟರು. ನಿಜ ಹೇಳಬೇಕೆಂದರೆ ಒಂದು ಗಳಿಗೆ ನನಗೂ ಆಸೆಯಾಯಿತು. ಇಷ್ಟು ದೂರ ಬಂದು ಹಿಂತಿರುಗುವುದು ಹೇಗೆ? ನನ್ನ ಗಂಡ ತಲೆಯಾಡಿಸಿದರು. ರಾತ್ರಿ ಎಚ್ಚರವಾಗಿ ಕೆಳಗಿಳಿಯುವಾಗ ಎಪ್ಪತ್ತಾರರ ಅಮ್ಮನಿಗೆ ಚಪ್ಪಲಿ ನೆನಪಿರುತ್ತದೆಯಾ ಅಂತ ಕೇಳಿದರು. ಎಷ್ಟೋ ವರ್ಷದ ಮೇಲೆ ನಾನು ಅವರ ಮಾತಿಗೆ ಎದುರಾಡಲಿಲ್ಲ.

ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು ನಿಂತಿದ್ದರು. ದೊಡ್ಡಮ್ಮ ಎರಡು ಕೈಯಲ್ಲಿ ಮೊರ ಹಿಡಿದು ಮೆಟ್ಟಿಲ ಬುಡದಲ್ಲಿ ನಿಂತಿದ್ದರು. ಮತ್ತೆ ಹನಿ ಶುರುವಾಯಿತು, ನನ್ನ ರಂಗೋಲಿ ಕರಗುತ್ತಿತ್ತು. ಅತ್ತೆ ಮೆಲ್ಲಗೆ ಶೆಡ್ಡಿಗೆ ಹಿಂತಿರುಗಿ ತಮ್ಮ ಚಪ್ಪಲಿಯನ್ನು ಕಾಲಿನಿಂದ ತಡಕಿ ಹಾಕಿಕೊಂಡರು.

"ಅಕ್ಕನ್ನ ನೋಡಿದ್ದಾಯ್ತಲ್ಲ," ಅಂದರು. "ಕತ್ತಲಾಗೋದ್ರೊಳಗೆ ಹೊರಡೋಣ."

ನನಗೆ ಅಳು ಬಂತು. ಅಳು ಬಂದಾಗಲೆಲ್ಲ ನಾನು ಬೈಯುತ್ತೇನೆ. ಗುಜರಿಯವನನ್ನು, ಪೇವರ್ ಬ್ಲಾಕನ್ನು, ಈ ಊರಿನ ಮಳೆಯನ್ನು, ಎಲ್ಲವನ್ನೂ ಬೈದೆ. ಬೈಯುತ್ತಾ ನೋಡಿದರೆ ಎದುರಿಗೆ ಗಣಪತಿ ಮಂಟಪ ಏನೂ ಆಗದವರ ಹಾಗೆ ಮಿಣಮಿಣ ಅನ್ನುತ್ತಿತ್ತು. ಇವನಿಗೆ ಮಾತ್ರ ಎಲ್ಲಿಂದ ಬರುತ್ತಿದೆ ಕರೆಂಟು ಅಂತ ಅವನನ್ನೂ ಬೈದೆ. ನನ್ನ ಗಂಡ ತಟಕ್ಕನೆ ನನ್ನ ಕಡೆ ತಿರುಗಿದರು.

ಮಂಟಪದ ಕರೆಂಟು ಬಿಲ್ಡಿಂಗಿನದಲ್ಲ. ಹಬ್ಬಕ್ಕೆಂದೇ ತೆಗೆದುಕೊಂಡ ತಾತ್ಕಾಲಿಕ ಮೀಟರು. ಅದಕ್ಕೆ ಬೇರೆಯೇ ಬೋರ್ಡು, ಬೋರ್ಡಿನಿಂದ ಹಸಿರು ವೈರು ಇಳಿದು ಗುಲ್‌ಮೊಹರ್ ಮರದ ಬುಡದಲ್ಲಿ ಮಣ್ಣಿಗೆ ಹೊಡೆದ ಕಬ್ಬಿಣದ ಸಲಾಕೆ ಸೇರಿತ್ತು. ಕರೆಂಟು ಎಲ್ಲಾದರೂ ಸೋರಿದರೆ ತಾನೇ ಕಟ್ ಆಗುವ ಟ್ರಿಪ್ ಸ್ವಿಚ್ಚೂ ಇತ್ತು. ದೇವರ ಮಂಟಪದಲ್ಲಿ ಅವಘಡ ಆಗಬಾರದೆಂದು ಎಲ್ಲವೂ ಕಾಯಿದೆ ಪ್ರಕಾರ. ಮನುಷ್ಯರ ಮನೆಗಳಿಗಿಲ್ಲದ ಅರ್ಥಿಂಗ್ ನಾಳೆ ಬರುವ ಗಣಪತಿಗೆ ಇತ್ತು.

ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಸೊಸೈಟಿಯ ಸೆಕ್ರೆಟರಿ ಮರಾಠಿಯವರು, ಸಜ್ಜನರು, ನಿಯಮ ಅಂದರೆ ನಿಯಮ. ಗಣಪತಿಯ ಕನೆಕ್ಷನ್ ಗಣಪತಿಗೆ ಮಾತ್ರ, ಒಬ್ಬರಿಗೆ ಕೊಟ್ಟರೆ ನಾಳೆ ಎಲ್ಲರೂ ಇಸ್ತ್ರಿ ಪೆಟ್ಟಿಗೆ ಹಿಡಿದುಕೊಂಡು ಬರುತ್ತಾರೆ ಅಂದರು. ಮಗಳು ಹಿಂದಿಯಲ್ಲಿ ಬೇಡಿಕೊಂಡಳು, ನನ್ನ ಗಂಡ ಇಂಗ್ಲಿಷಿನಲ್ಲಿ ಲೋಡಿನ ಲೆಕ್ಕ ಹೇಳಿದರು. ಅವರು ಕರಗಲಿಲ್ಲ. ಕೊನೆಗೆ ದೊಡ್ಡಮ್ಮ ಮೊರ ಹಿಡಿದುಕೊಂಡೇ ಮಂಟಪದ ಮುಂದೆ ಹೋದರು. ಅವರ ಮರಾಠಿಗೆ ಅರವತ್ತು ವರ್ಷವಾದರೂ ಮೈಸೂರಿನ ಎಳೆತ ಹೋಗಿಲ್ಲ. ಇವತ್ತು ಗೌರಿ ಬಂದಿದ್ದಾಳೆ, ನೋಡಿ, ಕೈಯಲ್ಲಿ ಬಾಗಿನ ಇದೆ ಅಂದರು. ನಮ್ಮಲ್ಲಿ ಗೌರಿ ಗಣಪತಿ ಬಂದ ಮೇಲೆ ಬರುವುದು ಅಂತ ಸೆಕ್ರೆಟರಿ ತಿದ್ದಿದರು. ನಮ್ಮಲ್ಲಿ ಹಿಂದಿನ ದಿನವೇ ಬರುತ್ತಾಳೆ, ತಾಯಿ ಅವಳು, ಯಾವಾಗ ಬೇಕಾದರೂ ಬರುತ್ತಾಳೆ ಅಂದರು ದೊಡ್ಡಮ್ಮ. ಆಮೇಲೆ ದನಿ ಏರಿಸದೆ ಕೇಳಿದರು:

"ಗಣಪತಿ ಆಪಲ್ಯಾ ಆಈಲಾ ಲೈಟ್ ನಾಹೀ ದೇಣಾರ್ ಕಾ?"

ಹೆತ್ತ ತಾಯಿಗೆ ಗಣಪತಿ ಲೈಟು ಕೊಡುವುದಿಲ್ಲವೇ ಅಂದರೆ ಯಾವ ಸೆಕ್ರೆಟರಿ ತಾನೇ ಇಲ್ಲ ಅನ್ನುತ್ತಾನೆ? ಅವರು ಮಂಟಪದ ಕಡೆ ನೋಡಿದರು, ಶೆಡ್ಡಿನ ಬಳಿ ಚಪ್ಪಲಿ ಹಾಕಿಕೊಂಡು ನಿಂತಿದ್ದ ಅತ್ತೆಯ ಕಡೆ ನೋಡಿದರು, ಟೋಪಿ ತೆಗೆದು ತಲೆ ಕೆರೆದುಕೊಂಡರು. ಏಸಿ ಹಾಕುವಂತಿಲ್ಲ, ಬೆಳಿಗ್ಗೆ ಮೂರ್ತಿ ಬರುವುದರೊಳಗೆ ಪ್ಲಗ್ ತೆಗೆಯಬೇಕು ಅಂದರು. ದೊಡ್ಡಮ್ಮನಿಗೆ ಏಸಿ ಅಂದರೆ ಮೊದಲೇ ಆಗದು.

ಈ ಸಲ ನನ್ನ ಗಂಡ ಮೊದಲು ಟೆಸ್ಟ್ ಲ್ಯಾಂಪ್ ತೆಗೆದರು. ಎರಡು ತೂತಿಗೆ ಕೊಟ್ಟರು, ಉರಿಯಿತು. ಮೂರನೆಯದಕ್ಕೆ ಕೊಟ್ಟದ್ದೇ ತಡ, ಟಕ್ ಅಂದು ಇಡೀ ಮಂಟಪ ಕತ್ತಲಾಯಿತು. ಸೀರಿಯಲ್ ಲೈಟು, ಹ್ಯಾಲೊಜನ್ನು, ಹಾಡುತ್ತಿದ್ದ ಸ್ಪೀಕರು ಎಲ್ಲ ಬಂದ್. ಸೆಕ್ರೆಟರಿ ತಲೆ ಮೇಲೆ ಕೈಯಿಟ್ಟುಕೊಂಡರು. ನನ್ನ ಗಂಡ ಮಾತ್ರ ಮೊಮ್ಮಗ ಹುಟ್ಟಿದವರ ಹಾಗೆ ಕೈ ಹಿಡಿದು ಅವರನ್ನು ಅಭಿನಂದಿಸಿದರು. ಕಣ್ಣು ಮಿಟುಕಿಸುವುದರೊಳಗೆ ಕಟ್ ಆಯಿತು, ನಿಮ್ಮ ಅರ್ಥಿಂಗೂ ಸರಿ, ಸ್ವಿಚ್ಚೂ ಸರಿ ಅಂತ ಅವರಿಗೆ ವಿವರಿಸುವಷ್ಟರಲ್ಲಿ ಸಾಕಾಯಿತು. ಸ್ವಿಚ್ ಮತ್ತೆ ಎತ್ತಿದರು, ವೈರು ಕೊಟ್ಟರು, ಗಾಡಿಯಲ್ಲಿ ಫ್ರಿಜ್ಜು ಮತ್ತೆ ಗುನುಗಿತು. ಆಮೇಲೆ ಯಾರೂ ಹೇಳದೆಯೇ ಶೂ ಕಳಚಿ, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು, ಬೆರಳಿನ ಹಿಂಬದಿಯಿಂದ ಬಾಗಿಲ ಹಿಡಿಯನ್ನು ತಾವೇ ಮೊದಲು ತಾಗಿಸಿ ನೋಡಿದರು. ಏನೂ ಇಲ್ಲ ಅಂದರು. ನಾನೂ ಮುಟ್ಟಿದೆ. ಏನೂ ಇರಲಿಲ್ಲ.

ದೊಡ್ಡಮ್ಮ ಮೇಲೆ ಹೋಗಿ ಕಂಕುಳಲ್ಲಿ ಒಂದು ಮಣೆ ಇಟ್ಟುಕೊಂಡು ಬಂದರು. ಹಲಸಿನ ಮರದ್ದು, ನಡುವೆ ಸವೆದು ಹಳ್ಳವಾಗಿತ್ತು. ಅವರ ತಾಯಿ ಅದರ ಮೇಲೆ ಕೂತು ಗೌರಿ ಪೂಜೆ ಮಾಡುತ್ತಿದ್ದರಂತೆ. ತವರು ಮನೆ ಖಾಲಿ ಮಾಡುವಾಗ ಇವರು ಕೇಳಿ ತೆಗೆದುಕೊಂಡ ಒಂದೇ ವಸ್ತು. ಹೊಸಿಲು ಕಿತ್ತು ತರೋಕಾಗಲ್ಲವಲ್ಲ, ಇದೇ ಹೊಸಿಲು ಅಂತ ಅದನ್ನು ಗಾಡಿಯ ಮೆಟ್ಟಿಲ ಮುಂದೆ ಇಡಲು ಹೋದರು. ಅದನ್ನು ನೋಡಿ ನನ್ನ ಗಂಡನಿಗೆ ಹಿಡಿಸಲಾರದಷ್ಟು ಸಂತೋಷ. ಒಣ ಮರ, ಕರೆಂಟು ಹಾಯುವುದಿಲ್ಲ, ದೊಡ್ಡಮ್ಮ ನಿಮಗೆ ಯಾರು ಹೇಳಿಕೊಟ್ಟರು ಅಂತ ಕೇಳುತ್ತಾ ಅದರ ಕೆಳಗೆ ಎರಡು ಇಟ್ಟಿಗೆ ಕೊಟ್ಟರು. ದೊಡ್ಡಮ್ಮ ಮಣೆ ಅಲುಗುವುದಿಲ್ಲ ತಾನೇ ಅಂತ ಒತ್ತಿ ನೋಡಿದರು.

ದೀಪ ಹಚ್ಚುವ ಹೊತ್ತಿಗೆ ಅತ್ತೆ ಎರಡನೆಯ ಸಲ ಚಪ್ಪಲಿ ಬಿಟ್ಟರು. ಬಲಗಾಲನ್ನು ಮಣೆಯ ಹಳ್ಳದಲ್ಲಿ ಇಟ್ಟು ನಿಂತು ಸುಧಾರಿಸಿಕೊಂಡು, ಆಮೇಲೆ ಒಳಗೆ ಹತ್ತಿದರು. ದೊಡ್ಡಮ್ಮ ಸೆರಗು ಮುಚ್ಚಿ ಮೊರ ಮುಂದೆ ಹಿಡಿದರು, ಅತ್ತೆ ಸೆರಗು ಮುಚ್ಚಿ ತೆಗೆದುಕೊಂಡರು. ಇದಕ್ಕೆ ಓಟಿಪಿ ಇಲ್ವಾ ಅಂತ ಅತ್ತೆ ಕೇಳಿದರು. ಇಬ್ಬರೂ ನಗಲು ಶುರು ಮಾಡಿ ನಿಲ್ಲಿಸಲೇ ಇಲ್ಲ. ಅತ್ತೆಗೆ ನಕ್ಕು ನಕ್ಕು ಉಸಿರು ಸಿಕ್ಕಿಕೊಂಡು ಯಂತ್ರವನ್ನು ಆಗಲೇ ಹಾಕಬೇಕಾಯಿತು. ಮಾವಶಿ ಬಿಸಿ ರೊಟ್ಟಿ, ಎಣ್ಣೆಗಾಯಿ ಕಳಿಸಿದರು. ಹಬ್ಬದ ಒಬ್ಬಟ್ಟಿನ ಜೊತೆ ಅದನ್ನೂ ತಿಂದೆವು.

ಮಗಳು ಗಾಡಿಯ ಮುಂದಿನ ಸೀಟಿನಲ್ಲಿ, ನಾವಿಬ್ಬರು ಮೇಲೆ ದೊಡ್ಡಮ್ಮನ ಮನೆಯಲ್ಲಿ, ಅಕ್ಕತಂಗಿಯರು ಗಾಡಿಯ ಇಕ್ಕಟ್ಟಿನ ಹಾಸಿಗೆಯಲ್ಲಿ ಮಲಗಿದೆವು. ಬೆಳಿಗ್ಗೆ ಎದ್ದು ನೋಡಿದರೆ ಮಳೆ ತೊಳೆದ ಬಿಸಿಲು. ರಸ್ತೆಯ ತುದಿಯಲ್ಲಿ ಢೋಲು ಕೇಳಿಸುತ್ತಿತ್ತು, ಗಣಪತಿ ಹೊರಟಿದ್ದ. ನನ್ನ ಗಂಡ ಒಳಗಿನ ಸ್ವಿಚ್ಚೆಲ್ಲ ಆರಿಸಿ, ಮೊದಲು ಬೋರ್ಡಿನ ಕಡೆಯ ಪ್ಲಗ್ ತೆಗೆದು, ಆಮೇಲೆ ಗಾಡಿಯ ಕಡೆಯದು ತೆಗೆದು, ವೈರು ಒರೆಸಿ ಸುತ್ತಿದರು. ಬಿಲ್ಡಿಂಗಿನ ಅರ್ಥಿಂಗ್ ಮತ್ತೆ ಹಾಕಿಸುವವರೆಗೆ ಬಿಡುವುದಿಲ್ಲ ಅಂತ ಸೆಕ್ರೆಟರಿಯನ್ನು ಆಗಲೇ ಹಿಡಿದುಕೊಂಡಿದ್ದರು. ಹೊಸ ಬಿಲ್ಡಿಂಗಿಗೆ ಎಷ್ಟು ಮೀಟಿಂಗೋ ಗೊತ್ತಿಲ್ಲ, ಇದಕ್ಕೆ ಒಂದೇ ಸಾಕಾಯಿತು. ನವರಾತ್ರಿಯ ಹೊತ್ತಿಗೆ ಹೊಸ ಅರ್ಥಿಂಗ್ ಕೂತಿತು, ಮಾವಶಿ ಬರಿಗಾಲಲ್ಲಿ ಗಿರಣಿ ಮುಟ್ಟಿ ನನಗೆ ಫೋನು ಮಾಡಿದರು.

ಹೊರಡುವ ಮುಂಚೆ ದೊಡ್ಡಮ್ಮ ತಂಗಿಗೆ ಮಡಿಲಕ್ಕಿ ತುಂಬಿದರು. ಆಮೇಲೆ ಮಣೆಯನ್ನು ಎತ್ತಿ, ಮಣ್ಣು ಒರೆಸಿ, ನನ್ನ ಕೈಯಲ್ಲಿ ಇಟ್ಟರು. ರಾತ್ರಿ ಅವರು ಮಲಗಿರಲಿಲ್ಲವಂತೆ, ಅದು ಕಣ್ಣಲ್ಲೇ ಗೊತ್ತಾಗುತ್ತಿತ್ತು.

"ಯಂತ್ರದ ಪಕ್ಕ ಇವಳ ಉಸಿರು ನೋಡ್ತಾ ಕೂತಿದ್ದೆ," ಅಂದರು. "ನನ್ನ ಹೊಸಿಲಿನ ಹಟಕ್ಕೆ ಇವಳು ಮಳೇಲಿ ಚಪ್ಪಲಿ ಹಾಕ್ಕೊಂಡು ವಾಪಸ್ ಹೊರಟಿದ್ದಳಲ್ಲ. ಮಣೆ ನಿಮ್ಮನೇಲಿರಲಿ. ಮುಂದಿನ ಗೌರಿಗೆ ನಾನೇ ಬರ್ತೀನಿ. ಲಿಫ್ಟ್ ಇದೆ ತಾನೇ?"

ಇದೆ ಅಂದೆ.

ಮಣೆ ಈಗ ನಮ್ಮ ಪವಾಯಿ ಮನೆಯಲ್ಲಿ ಅತ್ತೆಯ ಕೋಣೆಯ ಬಾಗಿಲಲ್ಲಿದೆ. ಅವರು ದಿನಾ ಬೆಳಿಗ್ಗೆ ಬಾಲ್ಕನಿಯಲ್ಲಿ ನಾಲ್ಕು ಹೆಜ್ಜೆ ಅಡ್ಡಾಡಿ ಬಂದು, ಚಪ್ಪಲಿ ಬಿಟ್ಟು, ಬಲಗಾಲನ್ನು ಆ ಹಳ್ಳದಲ್ಲಿ ಒಂದು ಗಳಿಗೆ ಇಟ್ಟು, ಆಮೇಲೆ ಒಳಗೆ ಹೋಗುತ್ತಾರೆ. ಎಲ್ಲಿಗೆ ಹೋಗಿದ್ದಿರಿ ಅಜ್ಜಿ ಅಂತ ಮಗಳು ಕೀಟಲೆ ಮಾಡಿದರೆ, ತವರಿಗೆ ಹೋಗಿಬಂದೆ ಅನ್ನುತ್ತಾರೆ.